ಐದು ಜನರ ಮನೆಯಲ್ಲಿ ಅರವತ್ತು ಜನ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿತ್ತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲಲಿಲ್ಲ. ಓದುಗರಿಗೆ ಗೊತ್ತಾಗಲಿ ಎಂದು ಅದರ ಸಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ನೀವು ನಿವೃತ್ತ ಹೈಸ್ಕೂಲು ಮೇಷ್ಟ್ರು. ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯಲ್ಲಿ 1980ರ ದಶಕದಿಂದ ಇದ್ದೀರಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕೊಟ್ಟ 30-40 ಸೈಟು, ಸಾಲ ಮಾಡಿ ಕಟ್ಟಿಸಿದ ಮನೆ. ಈಗ ನಿಮ್ಮ ಅಡ್ಡರಸ್ತೆಯ ಹಳೆಯ ಮನೆಗಳು ಒಂದೊಂದಾಗಿ ಪಿಜಿಗಳಾಗಿವೆ, ಅಂದರೆ ಹಾಸಿಗೆಗಿಷ್ಟು ಎಂದು ಬಾಡಿಗೆ ಪಡೆದು ಊಟ ಹಾಕುವ ವಸತಿಗಳಾಗಿವೆ. ಪಕ್ಕದ ಮನೆಯನ್ನು ಕೆಡವಿ ಐದು ಅಂತಸ್ತು ಎಬ್ಬಿಸಿದ್ದಾರೆ, ಅಲ್ಲಿ ಅರವತ್ತು ಹುಡುಗರಿದ್ದಾರೆ. ರಾತ್ರಿ ಹನ್ನೊಂದಾದ ಮೇಲೆ ಕಪ್ಪು ಕವರುಗಳು ನಿಮ್ಮ ಕಾಂಪೌಂಡಿನ ಮೂಲೆಗೆ ಬಂದು ಬೀಳುತ್ತವೆ. ಮನೆ ಮುಂದಿನ ಒಳಚರಂಡಿ ಚೇಂಬರ್ ಆಗಾಗ ಕಟ್ಟಿಕೊಂಡು ರಸ್ತೆಗೆ ಉಕ್ಕುತ್ತದೆ. ದೂರು ಕೊಟ್ಟರೆ ಮೊಬೈಲಿಗೆ ಮೆಸೇಜ್ ಬರುತ್ತದೆ, ಮನುಷ್ಯರು ಬರುವುದಿಲ್ಲ. ಕೊನೆಗೆ ಕೇಳಿದ್ದೀರಿ: "ಪಿಜಿಗಳನ್ನೆಲ್ಲ ಮುಚ್ಚಿಸಿ ಎಂದು ನಿಮ್ಮ ಪತ್ರಿಕೆ ಯಾಕೆ ಬರೆಯಬಾರದು? ಇಲ್ಲ, ನಾನೇ ಮನೆ ಮಾರಿ ಮೈಸೂರಿಗೆ ಹೋಗಿಬಿಡಲೇ?"

ಮುಚ್ಚಿಸಿ ಎಂದು ನಾನು ಬರೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಆ ಅರವತ್ತು ಜನ ಎಲ್ಲಿಗೆ ಹೋಗಬೇಕು? "ಹೊರಗಿನಿಂದ ಬಂದವರು" ಎಂದು ಪತ್ರದಲ್ಲಿ ಮತ್ತೆ ಮತ್ತೆ ಬರೆದಿದ್ದೀರಿ. ರಾಯಚೂರಿನಿಂದ, ದಾವಣಗೆರೆಯಿಂದ, ಹಾಸನದಿಂದ ಬಂದ ಮಕ್ಕಳೂ ಇಂಥದ್ದೇ ಫೋರ್ ಶೇರಿಂಗ್ ರೂಮುಗಳಲ್ಲಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೋ ಹುಡುಗಿಯೋ ಒಂದು ಚಿಕ್ಕ ಮನೆ ಕೇಳಿದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳಿ ಅಭ್ಯಾಸವಾದ ಊರು ನಮ್ಮದು. ಅದರ ಮೇಲೆ "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು. ಬಾಗಿಲು ಹಾಕಿದವರು ನಾವು. ಆಮೇಲೆ ಅವರೆಲ್ಲ ಒಂದೇ ಕಟ್ಟಡದಲ್ಲಿ ತುಂಬಿಕೊಂಡರು ಎಂದು ಸಿಟ್ಟು ಮಾಡಿಕೊಳ್ಳುವವರೂ ನಾವೇ.

ಇಕ್ಕಟ್ಟು ಬೆಂಗಳೂರಿಗೆ ಹೊಸದೂ ಅಲ್ಲ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಓಣಿಗಳು ಕಿಷ್ಕಿಂಧೆಯಾಗಿದ್ದವು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೇಗ ಬೇಗ ಎದ್ದಿದ್ದು ಆ ಹೆದರಿಕೆಯಿಂದ. ಗಾಳಿ ಆಡುವ ಅಗಲ ರಸ್ತೆ, ಮನೆಯ ಹಿಂದೆ ಹಿತ್ತಿಲು, ಹಿತ್ತಿಲಿನ ಆಚೆ ಮಲ ಸಾಗಿಸಲೆಂದೇ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಕೊಳೆ ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಯೋಚಿಸಿದ್ದರು. ಆ ಕೆಲಸವನ್ನು ಮಾಡಿಸುತ್ತಿದ್ದದ್ದು ಯಾರ ಕೈಯಲ್ಲಿ, ಎಷ್ಟು ಹೀನಾಯವಾಗಿ ಎಂಬುದು ಬೇರೆ ಮಾತು, ಅದನ್ನು ಮರೆತು ಹಳೆಯ ಕಾಲವನ್ನು ಹೊಗಳಬಾರದು. ಒಳಚರಂಡಿ ಬಂದ ಮೇಲೆ ಆ ಗಲ್ಲಿಗಳಿಗೆ ಕೆಲಸವಿಲ್ಲದಾಯಿತು. ಎಷ್ಟೋ ಕಡೆ ಅವೇ ಕಸದ ಗುಂಡಿಗಳಾದವು. ಹೊಸ ಬಡಾವಣೆಗಳ ನಕ್ಷೆಯಲ್ಲಿ ಕಸದ ತೊಟ್ಟಿ ಇಡುವುದಕ್ಕೂ ಜಾಗ ಕಾಣುವುದಿಲ್ಲ.

ವಠಾರಗಳನ್ನು ನೀವು ನೋಡಿದ್ದೀರಿ. ಹತ್ತು ಸಂಸಾರಕ್ಕೆ ಒಂದು ನಲ್ಲಿ, ಎರಡು ಕಕ್ಕಸು. ಅಲ್ಲಿ ಜನ ಕಡಿಮೆ ಇದ್ದರಾ? ಆದರೆ ಓನರ್ ಅಲ್ಲೇ, ಮುಂದಿನ ಮನೆಯಲ್ಲೇ ಇರುತ್ತಿದ್ದರು. ಯಾರಾದರೂ ಮೋರಿಗೆ ಅನ್ನ ಸುರಿದರೆ ಬೆಳಿಗ್ಗೆ ಆರು ಗಂಟೆಗೇ ಓನರಮ್ಮ ಬಾಗಿಲ ಮುಂದೆ ನಿಂತಿರುತ್ತಿದ್ದರು. ಆ ಗಂಟಲು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಈಗ ಗೊತ್ತಾಗುತ್ತಿದೆ.

ನಿಮ್ಮ ಪಕ್ಕದ ಕಟ್ಟಡದಲ್ಲಿ ಆ ಗಂಟಲೇ ಇಲ್ಲ. ನೀವೇ ಬರೆದ ಹಾಗೆ ಸೈಟಿನ ಮೂಲ ಯಜಮಾನರು ನಿಮ್ಮ ಓರಗೆಯವರು, ಈಗ ಮಗನ ಜೊತೆ ಹೊರದೇಶದಲ್ಲಿದ್ದಾರೆ. ಕಟ್ಟಡವನ್ನು ಲೀಸಿಗೆ ತೆಗೆದುಕೊಂಡವರು ಒಬ್ಬರು. ಅವರಿಗೆ ಇಂಥ ಇನ್ನೂ ನಾಲ್ಕು ಪಿಜಿಗಳಿವೆ. ನೋಡಿಕೊಳ್ಳಲು ಒಬ್ಬ ಮ್ಯಾನೇಜರ್, ಅವನ ಕೈಕೆಳಗೆ ಅಡುಗೆಯವನು, ಒಬ್ಬ ಸಹಾಯಕ ಹುಡುಗ. ಕಸದ ಕವರನ್ನು ರಾತ್ರಿ ಹೊರಗೆ ತರುವವನು ಬಹುಶಃ ಆ ಹುಡುಗ. ನಿಮ್ಮ ಸಿಟ್ಟೆಲ್ಲ ಹೋಗಿ ಬೀಳುವುದು ಅವನ ಮೇಲೆ ಮತ್ತು ಮೇಲಿನ ರೂಮುಗಳ ಹುಡುಗರ ಮೇಲೆ. ಬಾಡಿಗೆ ಎಣಿಸುವವರಿಗೆ ಅದು ತಟ್ಟುವುದೇ ಇಲ್ಲ.

ನನ್ನ ತಕರಾರು ಇಷ್ಟೇ. ಅರವತ್ತು ಜನರಿರುವ ಆ ಕಟ್ಟಡ ಕಾಗದದ ಮೇಲೆ ಇನ್ನೂ ಒಂದು ಮನೆ. ಐದು ಜನರಿಗೆಂದು ಹಾಕಿದ ಒಳಚರಂಡಿ ಪೈಪಿಗೆ ಅರವತ್ತು ಜನರ ಸ್ನಾನದ ನೀರು ಬಂದು ಬೀಳುತ್ತಿದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಸರ್ಕಾರಿ ಲೆಕ್ಕ. ಐದು ಜನಕ್ಕೆ 675 ಲೀಟರ್ ಆಯಿತು. ಅರವತ್ತಕ್ಕೆ 8,100. ಅಂದರೆ ದಿನವೂ 6,000 ಲೀಟರಿನ ಒಂದು ಟ್ಯಾಂಕರಿಗಿಂತ ಜಾಸ್ತಿ ನೀರು ಆ ಕಟ್ಟಡದೊಳಗೆ ಹೋಗಿ, ಹೆಚ್ಚುಕಡಿಮೆ ಅಷ್ಟೂ ಹೊರಗೆ ಬರಬೇಕು. ಚೇಂಬರ್ ಉಕ್ಕದೆ ಇನ್ನೇನು ಮಾಡೀತು? ಆ ಹುಡುಗರೆಲ್ಲ ಸಾಧುಗಳಾಗಿದ್ದರೂ ಉಕ್ಕುತ್ತಿತ್ತು.

ಕಸದ ಲೆಕ್ಕ ಇನ್ನೂ ವಿಚಿತ್ರ. 2016ರಲ್ಲಿ ಕೇಂದ್ರ ತಂದ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವವರಿಗೆ ಬೇರೆ ಜವಾಬ್ದಾರಿ ಹೊರಿಸಿದರು. ದೊಡ್ಡ ಅಪಾರ್ಟ್‌ಮೆಂಟು, ದೊಡ್ಡ ಹೋಟೆಲು ಅದರೊಳಗೆ ಬರುತ್ತವೆ. ನಿಮ್ಮ ಪಕ್ಕದ ಪಿಜಿಗೆ ತಲೆಗೆ ಅರ್ಧ ಕಿಲೋ ಹಿಡಿದರೂ 30 ಕಿಲೋ. ಆ ಗೆರೆ ದಾಟಲಿಲ್ಲ. ಹಾಗಾದರೆ ಮನೆಯ ಲೆಕ್ಕ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಮನೆಗಳಿಗೆ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ, ವ್ಯಾಪಾರದ ಜಾಗಗಳಿಗೆ ಕಸದ ತೂಕ ನೋಡಿ. ಮನೆ ಎಂದು ಬರೆಸಿಕೊಂಡಿರುವ ಪಿಜಿ ಹೆಚ್ಚೆಂದರೆ 400 ಕಟ್ಟಿ ಕೈತೊಳೆದುಕೊಳ್ಳಬಹುದು. ಒಂದು ಹಾಸಿಗೆಯ ಒಂದು ವಾರದ ಬಾಡಿಗೆಯೂ ಅದಕ್ಕಿಂತ ಜಾಸ್ತಿ, ಅಲ್ವಾ?

ಬೆಳಿಗ್ಗೆ ಕಸದ ಆಟೋ ಟಿಪ್ಪರ್ ಹಾಡು ಹಾಕಿಕೊಂಡು ಬಂದು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ನೀವು ಬಕೆಟ್ ಹಿಡಿದು ಗೇಟಿಗೆ ಬಂದಿರುತ್ತೀರಿ. ಪಿಜಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುತ್ತಾರೆ, ಅಡುಗೆಯವನು ಇಡ್ಲಿ ಒಲೆಯ ಮುಂದೆ. ಗಾಡಿ ಹೋಗಿಬಿಡುತ್ತದೆ. ಹಗಲೆಲ್ಲ ಕಸ ಒಳಗೇ ಕೊಳೆಯುತ್ತದೆ, ರಾತ್ರಿ ನಿಮ್ಮ ಮೂಲೆಗೆ ಬರುತ್ತದೆ. ಹಸಿ ಕಸಕ್ಕೊಂದು, ಬಿಸಾಡಲೇಬೇಕಾದ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಇಡಿ ಎಂದು ಹೈಕೋರ್ಟು 2015ರ ಡಿಸೆಂಬರಿನಲ್ಲೇ ಹೇಳಿತ್ತು. ಕಪ್ಪು ಕವರಿನಲ್ಲಿ ಸಾಂಬಾರು, ಪ್ಯಾಡು, ಒಡೆದ ಬಾಟಲಿ ಎಲ್ಲ ಒಟ್ಟಿಗೇ ಇರುತ್ತದೆ. ಮಾರನೆಯ ದಿನ ಅದನ್ನು ಕೈಯಾರೆ ಎತ್ತುವವರು ಪೌರಕಾರ್ಮಿಕ ಹೆಣ್ಣುಮಕ್ಕಳು. ನಿಮ್ಮ ಪತ್ರದಲ್ಲಿ ಅವರ ವಿಷಯ ಒಂದು ಸಾಲೂ ಇರಲಿಲ್ಲ. ಅದೊಂದು ನನಗೆ ಚುಚ್ಚಿತು ಮೇಷ್ಟ್ರೇ.

ಮೂಲೆಯ ಗೋಡೆಗೆ ದೇವರ ಟೈಲ್ಸ್ ಅಂಟಿಸಿದ್ದೀರಿ, ಗಣಪತಿ, ಏಸು, ಮಕ್ಕಾ ಮೂರೂ ಇವೆ, ಕಸ ಅಲ್ಲಿಂದ ಎದುರು ಮನೆಯ ಗೋಡೆಗೆ ಸರಿದಿದೆ ಎಂದು ಬರೆದಿದ್ದು ಓದಿ ನಗು ಬಂತು. ಎದುರು ಮನೆಯವರು ಈಗ ಏನು ಅಂಟಿಸಬೇಕು? ನಗರದ ಮಟ್ಟದಲ್ಲೂ ನಾವು ಮಾಡಿದ್ದು ಇದನ್ನೇ. ಊರಾಚೆಯ ಹಳ್ಳಿ ಮಾವಳ್ಳಿಪುರದಲ್ಲಿ ನಮ್ಮ ಕಸ ಸುರಿಯುತ್ತಿದ್ದೆವು, ಅಲ್ಲಿನವರು ಸಾಕು ಎಂದರು, ಇನ್ನೊಂದು ಹಳ್ಳಿ ಮಂಡೂರಿಗೆ ಹಾಕಿದೆವು. 2014ರಲ್ಲಿ ಮಂಡೂರಿನವರು ಲಾರಿಗಳನ್ನು ತಡೆದು ನಿಂತರು, ಹಳೆಯ ಕ್ವಾರಿಗಳನ್ನು ಹುಡುಕಿಕೊಂಡು ಹೊರಟೆವು.

2025ರ ಅಕ್ಟೋಬರ್ ಕೊನೆಯಲ್ಲಿ ನಗರದ ಕಸ ನಿರ್ವಹಣೆಯವರು "ಕಸ ಸುರಿಯುವ ಹಬ್ಬ" ಎಂದು ಮಾಡಿದರಲ್ಲ, ರಸ್ತೆಯಲ್ಲಿ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದರು. ಊರೆಲ್ಲ ವಿಡಿಯೋ ನೋಡಿ ಖುಷಿಪಟ್ಟಿತು. ನಿಮಗೂ ಖುಷಿಯಾಗಿದೆ. ನಮ್ಮ ಬೀದಿಯಲ್ಲೂ ಆಗಲಿ ಎಂದಿದ್ದೀರಿ. ಆದರೆ ಪಿಜಿ ಮುಂದೆ ಸುರಿದರೆ ಅದು ಯಾರ ಬಾಗಿಲು? ಲೀಸುದಾರರು ಇರುವುದು ಬೇರೆ ಬಡಾವಣೆಯಲ್ಲಿ. ಸುರಿದದ್ದನ್ನು ಬಾಚುವವನು ಮತ್ತೆ ಅದೇ ಸಹಾಯಕ ಹುಡುಗ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ. ಪಿಜಿಯನ್ನು ಪಿಜಿ ಎಂದು ಎಣಿಸಬೇಕು. ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾಯಿತು. ಅದಾದ ಮೇಲೆ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಸಿಸಿ ಕ್ಯಾಮೆರಾ, ಕಾವಲುಗಾರ, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ, ತಲೆಗೆ 135 ಲೀಟರ್ ನೀರು ಮತ್ತು ತಲೆಗೆ ಕನಿಷ್ಠ 70 ಚದರಡಿ ಜಾಗ. ಜನ ಕ್ಯಾಮೆರಾ ಮಾತ್ರ ನೆನಪಿಟ್ಟುಕೊಂಡರು. ನನ್ನ ಕಣ್ಣಿಗೆ ಮುಖ್ಯ ಕಂಡಿದ್ದು ಆ 70. ನಿಮ್ಮ ಪಕ್ಕದ ಕಟ್ಟಡವನ್ನೇ ತೆಗೆದುಕೊಳ್ಳಿ. 1,200 ಚದರಡಿಯ ಸೈಟು, ಸುತ್ತ ಸ್ವಲ್ಪ ಬಿಟ್ಟಿದ್ದರೆ ಅಂತಸ್ತಿಗೆ ಸುಮಾರು 900. ನೆಲಮಟ್ಟದಲ್ಲಿ ಅಡುಗೆಮನೆ, ಊಟದ ಜಾಗ, ಬೈಕುಗಳು. ಮೇಲಿನ ನಾಲ್ಕು ಅಂತಸ್ತಿನಲ್ಲಿ ಮೆಟ್ಟಿಲು, ಬಚ್ಚಲು, ಓಡಾಡುವ ಜಾಗ ಕಳೆದರೆ ಮಲಗುವ ಕೋಣೆಗಳಿಗೆ ಉಳಿಯುವುದು 2,400 ಎಂದುಕೊಳ್ಳೋಣ. 70ರಿಂದ ಭಾಗಿಸಿ. ಮೂವತ್ತನಾಲ್ಕು ಜನ. ಅರವತ್ತಲ್ಲ. ಅಂದರೆ ಈಗಿರುವ ನಿಯಮವನ್ನು ಅಳತೆ ಟೇಪು ಹಿಡಿದು ಜಾರಿ ಮಾಡಿದರೆ ಸಾಕು, ನಿಮ್ಮ ಚೇಂಬರಿನ ಮೇಲಿನ ಹೊರೆ ಅರ್ಧದ ಹತ್ತಿರ ಇಳಿಯುತ್ತದೆ.

ಇಂಗ್ಲೆಂಡಿನಲ್ಲೂ ಇದೇ ಗೋಳು. ನಮ್ಮ ಕಡೆಯ ಮಕ್ಕಳು ಓದಲು ಹೋಗುವ ಲೀಡ್ಸ್‌ನಂಥ ಊರುಗಳಲ್ಲಿ ಸಂಸಾರದ ಮನೆಗಳನ್ನು ಹರಿದು ಹಂಚಿ ಕೋಣೆಗೊಬ್ಬರಂತೆ ಬಾಡಿಗೆಗೆ ಕೊಡುತ್ತಾರೆ. ಒಂದೇ ಕುಟುಂಬದವರಲ್ಲದ ಐದು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಇದ್ದರೆ ಅಂಥ ಮನೆಗೆ ಲೈಸೆನ್ಸ್ ಬೇಕು. 2018ರ ಅಕ್ಟೋಬರಿನಿಂದ ಆ ಲೈಸೆನ್ಸಿನಲ್ಲೇ ಕಸ ಇಡುವ ವ್ಯವಸ್ಥೆಯ ಷರತ್ತು ಸೇರಿತು. ಒಬ್ಬರು ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರಬಾರದು ಎಂದೂ ಆಯಿತು. ನಮ್ಮ ಅಳತೆಗೆ ತಿರುಗಿಸಿ ನೋಡಿದೆ, ಸರಿಯಾಗಿ 70 ಚದರಡಿ! ಅಲ್ಲಿ ಬೀದಿಗಳು ಲಕಲಕ ಅನ್ನುತ್ತಿವೆ ಎಂದು ಹೇಳುತ್ತಿಲ್ಲ. ಆದರೆ ಮನೆಯ ಲೈಸೆನ್ಸ್ ಹೊಂದಿದವರು ಕಸಕ್ಕೆ ಉತ್ತರ ಕೊಡಬೇಕು, ಲೈಸೆನ್ಸಿನ ಮೇಲೆ ಅವರ ಹೆಸರಿರುತ್ತದೆ.

ನಿಮ್ಮ ದೂರಿನ ಪ್ರತಿ ಓದಿದೆ. "ಪಿಜಿಯಿಂದ ತುಂಬಾ ತೊಂದರೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದಿದೆ. ಇಂಥ ದೂರನ್ನು ಮುಚ್ಚಿಹಾಕುವುದು ಬಹಳ ಸುಲಭ. ಅದರ ಬದಲು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಆ ಕಟ್ಟಡಕ್ಕೆ ಮಂಜೂರಾದ ನಕ್ಷೆಯಲ್ಲಿ ಎಷ್ಟು ಅಂತಸ್ತು, ಪಿಜಿ ನಡೆಸಲು ವ್ಯಾಪಾರ ಪರವಾನಗಿ ಯಾರ ಹೆಸರಿನಲ್ಲಿ, ಎಷ್ಟು ಜನಕ್ಕೆ, ಕಸದ ಶುಲ್ಕ ಮನೆಯದೋ ವ್ಯಾಪಾರದ್ದೋ ಎಂದು ಕೇಳಿ. ಉತ್ತರ ಕೈಗೆ ಬಂದ ಮೇಲೆ ನಿಮ್ಮ ಪಾಲಿಕೆಯ ಆರೋಗ್ಯಾಧಿಕಾರಿಗೆ ದೂರು ಬರೆಯಿರಿ. ಚೇಂಬರಿನ ದೂರನ್ನು ಇದರಲ್ಲಿ ಬೆರೆಸಬೇಡಿ. ಅದು ಜಲಮಂಡಳಿಯದು, 1916ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೀದಿಯವರು ನಾಲ್ಕು ಜನ ಸೇರಿ ಸಹಿ ಹಾಕಿದರೆ ಒಳ್ಳೆಯದು. ಆ ನಾಲ್ವರಲ್ಲಿ ಯಾರೂ ತಮ್ಮ ಮೇಲಿನ ಮಹಡಿಯನ್ನು ಪಿಜಿಗೆ ಕೊಡುವ ಮಾತುಕತೆಯಲ್ಲಿಲ್ಲ ಎಂಬುದನ್ನು ಮಾತ್ರ ಮೊದಲು ವಿಚಾರಿಸಿಕೊಳ್ಳಿ.

ಅರ್ಜಿಗೆ ಉತ್ತರ ಬರುವುದಕ್ಕೆ ಒಂದು ತಿಂಗಳಾದರೂ ಬೇಕು. ಅಷ್ಟರೊಳಗೆ ಆ ಮ್ಯಾನೇಜರ್ ಜೊತೆ ಕೂತು ಮಾತಾಡಿ. ಗೇಟಿನ ಒಳಗೇ ಮುಚ್ಚಳದ ಎರಡು ಡ್ರಮ್ ಇಡಲಿ, ಟಿಪ್ಪರ್ ಬಂದಾಗ ಗೇಟು ತೆಗೆಯಲು ಒಬ್ಬರನ್ನು ಗೊತ್ತುಮಾಡಲಿ. ಮೂವತ್ತು ಕಿಲೋ ಕಸದಲ್ಲಿ ಮುಕ್ಕಾಲು ಪಾಲು ಅಡುಗೆಮನೆಯದೇ ಇದ್ದೀತು, ಅಡುಗೆಯವನೊಬ್ಬ ಒಪ್ಪಿದರೆ ಅಷ್ಟು ಬೇರೆಯಾದ ಹಾಗೆಯೇ. ಮೂವತ್ತು ವರ್ಷ ಹದಿಹರೆಯದ ಹುಡುಗರನ್ನು ಪಳಗಿಸಿದವರು ನೀವು. ಪಕ್ಕದ ಮನೆಯ ಒಬ್ಬ ಹುಡುಗನ ಹೆಸರೂ ನಿಮ್ಮ ಪತ್ರದಲ್ಲಿಲ್ಲ. ಅದು ನನಗೆ ಆಶ್ಚರ್ಯ.

ಇನ್ನು ಮನೆ ಮಾರುವ ವಿಷಯ. ಮೈಸೂರಿಗೆ ಹೋಗುವುದು ಬಿಡುವುದು ನಿಮ್ಮಿಷ್ಟ, ನಾನು ಹೇಳಬಾರದು. ಆದರೆ ಬ್ರೋಕರ್ ಕೈಲಿ ಒಂದು ಸಲ ರೇಟು ಕೇಳಿಸಿ ನೋಡಿ. ಸಂಸಾರಸ್ಥರು ಕೊಡುವ ಬೆಲೆಗಿಂತ ಜಾಸ್ತಿ ಕೊಟ್ಟು, ಮಾತಾಡಿದ ತಿಂಗಳಲ್ಲೇ ರಿಜಿಸ್ಟರ್ ಮಾಡಿಸಿಕೊಳ್ಳಲು ತಯಾರಿರುವವರು ಯಾರು ಎಂದು ನೀವೇ ಊಹಿಸಬಹುದು. ಆ ಕಾಗದಕ್ಕೆ ಸಹಿ ಹಾಕುವ ಮುಂಚೆ ಎದುರು ಮನೆಯವರಿಗೆ ಒಂದು ಮಾತು ಹೇಳಿ.

ಇಂತು,
ಸಂಪಾದಕ