ಲೈಸೆನ್ಸ್ ಯಾರ ಹೆಸರಿನಲ್ಲಿ?

ಓದುಗರ ಪತ್ರ: ಬಳ್ಳಾರಿಯ ಕೌಲ್ ಬಜಾರಿನಲ್ಲಿ 14 ಮಿಷನ್ ಇಟ್ಟು ಜೀನ್ಸ್ ಹೊಲಿಸುತ್ತೇನೆ. ದುಬೈನ ದೇರಾದಲ್ಲಿ ನಮ್ಮ ಮಾಲಿನದೇ ಅಂಗಡಿ ತೆರೆಯುವ ಆಸೆ. 25 ಲಕ್ಷ ಕೂಡಿಟ್ಟಿದ್ದೇನೆ. ದೊಡ್ಡಪ್ಪನ ಮಗ ಅಲ್ಲೇ ಇದ್ದಾನೆ. ‘ಲೈಸೆನ್ಸ್ ನನ್ನ ಹೆಸರಿನಲ್ಲಿ ಮಾಡಿಸೋಣ, ಮೂರು ದಿನದ ಕೆಲಸ. ದುಡ್ಡು ಮನೆ ಖರ್ಚಿಗೆ ಅಂತ ನನ್ನ ಖಾತೆಗೆ ಹಾಕು’ ಅನ್ನುತ್ತಾನೆ. ಏನೇನು ಪೇಪರ್ ಬೇಕು? ಪಾಸ್‌ಪೋರ್ಟ್, ಆಧಾರ್, ಪ್ಯಾನ್ ಜೆರಾಕ್ಸ್ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ:

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಎರಡು ಸಲ ಓದಿದೆ. ಕಾಜಾ ಹೊಡೆದು ಗುಂಡಿ ಕೂರಿಸಿದ ಕೈಯೇ ಗಲ್ಲಾಪೆಟ್ಟಿಗೆಯನ್ನೂ ನೋಡಿಕೊಳ್ಳಬೇಕು ಅನ್ನುವ ನಿಮ್ಮ ಆಸೆ ಬಹಳ ಹಿಡಿಸಿತು. ಆದರೆ ‘ನನ್ನ ಹೆಸರಿನಲ್ಲಿ ಮಾಡಿಸೋಣ’ ಎಂಬ ಮಾತಿಗೆ ಬಂದಾಗ ಎದೆ ಧಸಕ್ಕೆಂದಿತು. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ಅಕ್ಕನ ಗಂಡ 2013ರಲ್ಲಿ ಅಲ್ಲೇ ಒಂದು ಬಟ್ಟೆ ಅಂಗಡಿ ಹಾಕಿದರು. ಆಗ ಅಂಥ ಅಂಗಡಿಯಲ್ಲಿ 51% ಪಾಲು ಆ ದೇಶದವರ ಹೆಸರಿನಲ್ಲಿ ಇರಲೇಬೇಕಿತ್ತು. ಉಳಿದ 49ನ್ನಾದರೂ ಭಾವ ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದಿತ್ತು. ಆ ದೇಶದವನು ನಂಬಿಕೆಯ ಗೆಳೆಯ ತಾನೇ ಎಂದು ಅದನ್ನೂ ಅವನ ಹೆಸರಿಗೇ ಬಿಟ್ಟರು. ನಾಲ್ಕನೇ ವರ್ಷ ಜಗಳ ಬಂತು. ಭಾವ ಊರಿಗೆ ಬರುವಾಗ ಒಂದು ಹಸಿರು ರೆಕ್ಸಿನ್ ಫೈಲ್ ತಂದಿದ್ದರು. ಒಳಗೆ ಪೂರಾ ಅರಬ್ಬಿ ಕಾಗದ, ಪ್ರತಿ ಪುಟದ ಅಡಿಯಲ್ಲಿ ಅವರ ಕನ್ನಡ ಸಹಿ. ಓದಬಲ್ಲವರೊಬ್ಬರ ಹತ್ತಿರ ಓದಿಸಿದೆವು. ಭಾವ ಆ ಅಂಗಡಿಯ ಮ್ಯಾನೇಜರ್ ಎಂದಿತ್ತು. ಮಾಲೀಕ ಎಂದು ಒಂದೇ ಒಂದು ಕಡೆಯೂ ಇರಲಿಲ್ಲ. ಅಕ್ಕ ಆ ಫೈಲನ್ನು ಇವತ್ತಿಗೂ ಬೀರುವಿನಲ್ಲಿ ಇಟ್ಟಿದ್ದಾಳೆ.

ಈಗ ಹಾಗೆ ಬೇರೆಯವರ ಹೆಸರು ಹಾಕಿಸುವ ಗರಜೇ ಇಲ್ಲ. 2021ರ ಜೂನ್‌ನಿಂದ ಅಲ್ಲಿನ ಕಾನೂನು ಬದಲಾಗಿದೆ. ಹೆಚ್ಚಿನ ವ್ಯಾಪಾರಗಳಲ್ಲಿ ವಿದೇಶಿಯರೇ ನೂರಕ್ಕೆ ನೂರು ಪಾಲು ಇಟ್ಟುಕೊಳ್ಳಬಹುದು. ನಿಮ್ಮಣ್ಣ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನನ್ನು ಪಾಲುದಾರ ಮಾಡಿಕೊಳ್ಳಿ, ಸಂಬಳಕ್ಕೆ ಇಟ್ಟುಕೊಳ್ಳಿ. ಲೈಸೆನ್ಸ್‌ನಲ್ಲಿ ಮಾತ್ರ ನಿಮ್ಮ ಹೆಸರು, ನಿಮ್ಮ ಪಾಲು ಇರಲಿ. ಅಲ್ಲಿನ ಕೋರ್ಟಿನಲ್ಲಿ ನಡೆಯುವುದು ಅರಬ್ಬಿ ಪ್ರತಿ. ಹಾಗಾಗಿ ಓದಿಸದೆ ಸಹಿ ಹಾಕಲೇಬೇಡಿ.

ಇನ್ನು ಆ ಹೆಸರಿನ ವಿಷಯಕ್ಕೇ ಬರೋಣ. ನಿಮ್ಮ ಜೆರಾಕ್ಸ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದಿದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದಿದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಒಂದೇ ಹೆಸರು! ನಮ್ಮ ಕಡೆ ಮನೆಮನೆಯಲ್ಲೂ ಹೀಗೇ ಅಲ್ವಾ. ಆದರೆ 2022ರ ನವೆಂಬರ್‌ನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸಡಿಲಿಸಿದರು. ಆದರೂ ಅಂಗಡಿ ಹಾಕಲು ಹೊರಟವರು ಆ ಸಡಿಲಿಕೆಯನ್ನು ನೆಚ್ಚಿಕೊಂಡು ಕೂರಬಾರದು. ಮೊದಲು ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಲಿ, ಬೇರೆ ಕೆಲಸ ಆಮೇಲೆ. ಕೆಲವು ಕಾಗದಗಳಲ್ಲಿ ನಮ್ಮ ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ ಹಳೆಯದಿದೆ ಎಂದು ಹೆದರಬೇಡಿ. 2014ರ ನವೆಂಬರ್ 1ರಂದು ಸರ್ಕಾರವೇ ಅದನ್ನು ಬದಲಾಯಿಸಿದೆ. ಊರಿನ ಹೆಸರಿಗೆ ಆದೇಶ ತೋರಿಸಬಹುದು, ನಿಮ್ಮ ಹೆಸರಿಗೆ ಏನು ತೋರಿಸುತ್ತೀರಿ?

ಮೂರು ದಿನದಲ್ಲಿ ಲೈಸೆನ್ಸ್ ಅನ್ನುವುದು ಸುಳ್ಳಲ್ಲ. ದುಬೈನಲ್ಲಿ ಲೈಸೆನ್ಸ್ ಬೇಗ ಸಿಗುತ್ತದೆ. ಆದರೆ ಎಂಥ ಲೈಸೆನ್ಸ್ ಅಂತ ಕೇಳಿದಿರಾ? ಫ್ರೀ ಝೋನ್, ಅಂದರೆ ಪ್ರತ್ಯೇಕ ನಿಯಮಗಳಿರುವ ವಿಶೇಷ ವ್ಯಾಪಾರ ವಲಯದ ಲೈಸೆನ್ಸ್ ಅಗ್ಗವೆಂದು ಜಾಹೀರಾತು ಬರುತ್ತದೆ. ಅದೊಂದನ್ನೇ ಇಟ್ಟುಕೊಂಡು ದೇರಾದ ಬೀದಿಯಲ್ಲಿ ಅಂಗಡಿ ತೆರೆದು ಗಿರಾಕಿಗೆ ಪ್ಯಾಂಟು ಮಾರಲು ಆಗುವುದಿಲ್ಲ. ನಿಮಗೆ ಬೇಕಾದ್ದು ಆ ವಲಯಗಳ ಹೊರಗೆ, ಊರೊಳಗೆ ವ್ಯಾಪಾರ ಮಾಡಲು ಕೊಡುವ ಮೇನ್‌ಲ್ಯಾಂಡ್ ಲೈಸೆನ್ಸ್. ಅದನ್ನು ಕೊಡುವುದು ದುಬೈನ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆ. ಅದರಲ್ಲಿ ಸಿದ್ಧ ಉಡುಪಿನ ವ್ಯಾಪಾರ ಎಂದು ಬರೆದಿರಬೇಕು, ಬರೆಯದ ವ್ಯಾಪಾರ ಮಾಡುವಂತಿಲ್ಲ. ಬಾಡಿಗೆ ಕರಾರನ್ನು ‘ಎಜಾರಿ’ ಎಂಬ ದುಬೈ ಸರ್ಕಾರದ ಬಾಡಿಗೆ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಬೋರ್ಡಿನಲ್ಲಿ ಅರಬ್ಬಿಯಲ್ಲೂ ಹೆಸರು ಬೇಕು. ಲೈಸೆನ್ಸ್ ಬಂದರೂ ಬ್ಯಾಂಕ್ ಖಾತೆ ತೆರೆಯಲು ವಾರಗಟ್ಟಲೆ ಕಾಯಬೇಕಾಗಬಹುದು. ಅಷ್ಟು ದಿನವೂ ಬಾಡಿಗೆ ಓಡುತ್ತಿರುತ್ತದೆ, ಅದಕ್ಕೆ ದುಡ್ಡು ಎತ್ತಿಡಿ.

ನೀವು ಹೋಗದೆ ಅಣ್ಣನಿಂದಲೇ ಓಡಾಟ ಮಾಡಿಸಬೇಕೆಂದರೆ ಪವರ್ ಆಫ್ ಅಟಾರ್ನಿ ಬೇಕಾಗುತ್ತದೆ. ಬಳ್ಳಾರಿಯಲ್ಲಿ ನೋಟರಿ ಮಾಡಿಸಿದರೆ ಸಾಲದು. ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಮತ್ತು ಅರಬ್ಬಿ ಅನುವಾದ. ‘ಅಪೊಸ್ಟಿಲ್ ಒಂದೇ ಸಾಕು’ ಎಂದು ಯಾವ ಏಜೆಂಟ್ ಹೇಳಿದರೂ ನಂಬಬೇಡಿ. ಅಪೊಸ್ಟಿಲ್ ಅಂದರೆ ಹಲವು ದೇಶಗಳು ಒಪ್ಪಂದ ಮಾಡಿಕೊಂಡು ಪರಸ್ಪರ ಒಪ್ಪುವ ಒಂದೇ ಮುದ್ರೆ. ಆ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಯುಎಇ ಇಲ್ಲ. ಅಟಾರ್ನಿಯಲ್ಲಿ ಯಾವ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆಸಿ. ‘ಎಲ್ಲ ಅಧಿಕಾರ’ ಎಂದು ಸುಮ್ನೆ ಬರೆದುಕೊಡಬೇಡಿ. ನನ್ನ ಕೇಳಿದರೆ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ನೀವೇ ಹೋಗಿಬರುವುದು ಒಳ್ಳೆಯದು. ಅಂಗಡಿಯ ಜಾಗವನ್ನೂ ಕಣ್ಣಾರೆ ನೋಡಿದಂತಾಗುತ್ತದೆ.

ದುಡ್ಡಿನ ವಿಷಯದಲ್ಲಿ ನಿಮ್ಮಣ್ಣ ಹೇಳಿದ್ದು ತಪ್ಪು. ಅಂಗಡಿಯ ಬಂಡವಾಳವನ್ನು ಮನೆ ಖರ್ಚು ಎಂದು ಬರೆದು ಕಳಿಸಿದರೆ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ತೊಡಕಿಗೆ ನೀವೇ ಕೊರಳು ಕೊಟ್ಟಂತೆ. ನೇರ ದಾರಿಯೇ ಇರುವಾಗ ಇದೆಲ್ಲ ಯಾಕೆ? ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಹೊರಗೆ ಕಳಿಸಬಹುದು, ಸ್ವಂತ ಕಂಪನಿಯ ಬಂಡವಾಳವನ್ನೂ ಸಹ. ಬ್ಯಾಂಕಿನಲ್ಲಿ ವಿದೇಶಿ ಹೂಡಿಕೆಯ ‘ಫಾರ್ಮ್ ಎಫ್‌ಸಿ’ ತುಂಬಿ ಕೊಡಿ, ಅವರ ಮೂಲಕ ರಿಸರ್ವ್ ಬ್ಯಾಂಕಿನ ಗುರುತಿನ ಸಂಖ್ಯೆ ಬರುತ್ತದೆ. ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ವರದಿ ಕೊಡಬೇಕು, ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಬೇಕು. ಇನ್ನೊಂದು ಲೆಕ್ಕ ಈಗಲೇ ತಿಳಿದಿರಲಿ. ವರ್ಷದಲ್ಲಿ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. ನೀವು 25 ಲಕ್ಷ ಪೂರ್ತಿ ಕಳಿಸಿದರೆ ಮೇಲೆ 3 ಲಕ್ಷ ಬೇರೆ ಕಟ್ಟಬೇಕು. ರಿಟರ್ನ್ ತುಂಬಿದಾಗ ಅದು ನಿಮ್ಮ ತೆರಿಗೆಗೆ ಜಮೆ ಆಗುತ್ತದೆ, ಜಾಸ್ತಿಯಾದದ್ದು ವಾಪಸ್ ಬರುತ್ತದೆ. ಆದರೆ ಅಷ್ಟು ದಿನ ಕೈಯಲ್ಲಿರುವುದಿಲ್ಲ.

ಮಾಲು ಕಳಿಸಲು ಐಇಸಿ ಎಂಬ ಆಮದು-ರಫ್ತು ಸಂಖ್ಯೆ ಮಾಡಿಸಿ, 500 ರೂಪಾಯಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಪ್ರತಿ ಲೋಡಿಗೂ ಭಾರತ-ಯುಎಇ ನಡುವಿನ ‘ಸೆಪಾ’ ವ್ಯಾಪಾರ ಒಪ್ಪಂದದ ಪ್ರಕಾರ, ಮಾಲು ಎಲ್ಲಿ ತಯಾರಾದದ್ದು ಎಂದು ಹೇಳುವ ಪ್ರಮಾಣಪತ್ರ ತೆಗೆಸಿ. 2022ರ ಮೇ 1ರಿಂದ ಆ ಪತ್ರವಿದ್ದರೆ ನಮ್ಮ ಸಿದ್ಧ ಉಡುಪಿಗೆ ಅಲ್ಲಿನ 5% ಸುಂಕ ಬೀಳುವುದಿಲ್ಲ. ಬಳ್ಳಾರಿಯಲ್ಲೇ ಹೊಲಿದದ್ದು ಎಂಬ ಆ ಒಂದು ಹಾಳೆಗೆ ಅಷ್ಟು ಬೆಲೆಯಿದೆ.

ಈ ವಾರ ಪಾಸ್‌ಪೋರ್ಟ್ ತಿದ್ದುಪಡಿಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ಅಣ್ಣನಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಅವನು ಕಳಿಸುವ ಕರಾರಿನ ಪ್ರತಿ ಕೈಗೆ ಬಂದರೆ ನನಗೂ ಒಂದು ಜೆರಾಕ್ಸ್ ಹಾಕಿ. ಭಾವನ ಫೈಲ್ ಓದಿಕೊಟ್ಟವರು ಈಗಲೂ ನಮ್ಮ ಬೀದಿಯಲ್ಲೇ ಇದ್ದಾರೆ, ಓದಿಸಿ ಬರೆಯುತ್ತೇನೆ.

— ಸಂಪಾದಕ