16 ಬಿಟ್ ಹಾಕಿದರೂ ವೋಲ್ಟೇಜ್ ಜಾರುವುದೇಕೆ?

ಪ್ರಶ್ನೆ: ಕೊಟ್ಟ ವೋಲ್ಟೇಜಿಗೆ ತಕ್ಕಷ್ಟು ತೆರೆಯುವ ಪ್ರಪೋರ್ಷನಲ್ ವಾಲ್ವ್‌ಗೆ 0–10 ವೋಲ್ಟ್ ಕೊಡುವ ನಮ್ಮ ಕಾರ್ಡಿನಲ್ಲಿ 12 ಬಿಟ್‌ನ ಡಿಎಸಿ (ಸಂಖ್ಯೆಯನ್ನು ವೋಲ್ಟೇಜ್ ಆಗಿ ಬದಲಿಸುವ) ಚಿಪ್ ತೆಗೆದು 16 ಬಿಟ್‌ನದನ್ನು ಹಾಕಿದೆವು. ಗರಿಷ್ಠ ಸಂಖ್ಯೆ ಕಳುಹಿಸಿದರೆ, ಯಂತ್ರ ತಣ್ಣಗಿದ್ದಾಗ ಬರುವ ವೋಲ್ಟೇಜಿಗೂ ಪ್ಯಾನೆಲ್ ಕಾದ ಮೇಲೆ ಬರುವುದಕ್ಕೂ 3 ಮಿಲಿವೋಲ್ಟ್ ವ್ಯತ್ಯಾಸ. ಚಿಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು. ನನ್ನ ಅನುಮಾನ ಪಕ್ಕದಲ್ಲಿರುವ ರೆಫರೆನ್ಸ್ ಚಿಪ್ಪಿನ ಮೇಲೆ, ಅಂದರೆ ಡಿಎಸಿಗೆ ಅಳತೆಗೋಲಾಗಿ ಸ್ಥಿರ ವೋಲ್ಟೇಜ್ ಕೊಡುವ ಚಿಪ್ಪಿನ ಮೇಲೆ. ಡಿಎಸಿ ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ; ರೆಫರೆನ್ಸ್ ಕೊಟ್ಟದ್ದನ್ನು ಪಾಲು ಮಾಡುತ್ತದೆ, ಅಷ್ಟೇ. ತಕ್ಕಡಿ ಎಷ್ಟೇ ಸೂಕ್ಷ್ಮವಾಗಿರಲಿ, ತೂಕದ ಬಟ್ಟೇ ಹೆಚ್ಚು ಕಡಿಮೆಯಾದರೆ ಅದೇನು ಮಾಡೀತು?

ಲೆಕ್ಕ ಹಾಕಿ ನೋಡೋಣ. 10 ವೋಲ್ಟನ್ನು 65,536 ಭಾಗ ಮಾಡಿದರೆ ಒಂದು ಮೆಟ್ಟಿಲು ಸುಮಾರು 153 ಮೈಕ್ರೋವೋಲ್ಟ್. ರೆಫರೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಜಾರುವಂಥದ್ದು, ಪ್ಯಾನೆಲ್ ಒಳಗಿನ ಬಿಸಿ 25ರಿಂದ 55 ಡಿಗ್ರಿಗೆ ಏರಿತು ಎಂದುಕೊಳ್ಳಿ. ಒಟ್ಟು 300 ಪಿಪಿಎಂ, ಅಂದರೆ 3 ಮಿಲಿವೋಲ್ಟ್. ನೀವು ಕಂಡದ್ದೂ ಅಷ್ಟೇ! 16 ಬಿಟ್‌ನಲ್ಲಿ ಇದು ಸುಮಾರು 20 ಮೆಟ್ಟಿಲು. ಹಳೆಯ 12 ಬಿಟ್‌ನಲ್ಲಿ ಒಂದು ಮೆಟ್ಟಿಲೇ 2.44 ಮಿಲಿವೋಲ್ಟ್ ಇತ್ತು. ಆಗಲೂ ಇದೇ ರೆಫರೆನ್ಸ್ ಇದ್ದಿದ್ದರೆ ಇಷ್ಟೇ ಜಾರುತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಖಚಿತಪಡಿಸಿಕೊಳ್ಳುವುದು ಸುಲಭ. ಮಲ್ಟಿಮೀಟರನ್ನು ಪ್ಯಾನೆಲ್‌ನಿಂದ ದೂರ, ತಂಪಾದ ಕಡೆ ಇಡಿ. ಕಾರ್ಡಿಗೆ ಮಾತ್ರ ಬಿಸಿಗಾಳಿ ಹಾಯಿಸುತ್ತಾ ರೆಫರೆನ್ಸ್ ಪಿನ್ನನ್ನೂ ಔಟ್‌ಪುಟ್ಟನ್ನೂ ಒಂದಾದ ಮೇಲೊಂದರಂತೆ ಅಳೆಯಿರಿ. 2.5 ವೋಲ್ಟ್‌ನ ರೆಫರೆನ್ಸ್ 0.75 ಮಿಲಿವೋಲ್ಟ್ ಸರಿದು ಔಟ್‌ಪುಟ್ 3 ಮಿಲಿವೋಲ್ಟ್ ಸರಿದರೆ ಕಳ್ಳ ಸಿಕ್ಕಂತೆ. ರೆಫರೆನ್ಸ್ ಕದಲದೆ ಔಟ್‌ಪುಟ್ ಮಾತ್ರ ಸರಿದರೆ 2.5 ವೋಲ್ಟನ್ನು 10ಕ್ಕೆ ಹೆಚ್ಚಿಸುವ ಆಂಪ್ಲಿಫೈಯರ್ ಮತ್ತು ಅದರ ಗೇನ್ ರೆಸಿಸ್ಟರ್‌ಗಳನ್ನು ನೋಡಿ. ಅಂದಹಾಗೆ, ಕೈಯಲ್ಲಿ ಹಿಡಿಯುವ ಮೀಟರ್‌ನ ನಿಖರತೆ ಶೇ 0.05 ಇದ್ದರೆ 10 ವೋಲ್ಟ್‌ಗೆ ಅದರದೇ ದೋಷ 5 ಮಿಲಿವೋಲ್ಟ್‌ವರೆಗೆ ಇರಬಹುದು. ವ್ಯತ್ಯಾಸ ನೋಡಲು ಅದು ಸಾಕು, ಒಟ್ಟು ಬೆಲೆಯನ್ನು ನಂಬಬೇಡಿ.

ಸಾಫ್ಟ್‌ವೇರ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ಆ ಹೊತ್ತಿನ ಆಫ್‌ಸೆಟ್, ಗೇನ್ ದೋಷ (ಸೊನ್ನೆಯಲ್ಲೇ ಇರುವ ತಪ್ಪು, ಹೆಚ್ಚಿಸುವ ಪ್ರಮಾಣದ ತಪ್ಪು) ಹೋಗುತ್ತದೆ. ಬಿಸಿಯ ಜೊತೆ ಜಾರುವುದು ನಿಲ್ಲುವುದಿಲ್ಲ. 3 ಪಿಪಿಎಂನ ರೆಫರೆನ್ಸ್ ಹಾಕಿದರೂ ಇಷ್ಟೇ ಬಿಸಿಗೆ ಆರು ಮೆಟ್ಟಿಲು ಸರಿಯುತ್ತದೆ. ವಾಲ್ವ್‌ನ ಕರೆಂಟ್ ಹರಿಯುವ ಗ್ರೌಂಡ್ ತಂತಿಯನ್ನೇ ಸಂಕೇತಕ್ಕೂ ಬಳಸಿದ್ದರೆ ಮೊದಲು ಅದನ್ನು ಬೇರೆ ಮಾಡಿ: 100 ಮಿಲಿಆಂಪಿಯರ್‌ಗೆ 20 ಮಿಲಿಓಮ್ ಸಿಕ್ಕರೂ 2 ಮಿಲಿವೋಲ್ಟ್ ಹೋಯಿತು.

ಇನ್ನು, ವಾಲ್ವ್‌ನ ಸ್ಥಾನವನ್ನು ಸೆನ್ಸರ್ ಅಳೆದು ನಿಯಂತ್ರಕಕ್ಕೆ ತಿಳಿಸುತ್ತಿದೆಯೇ? ಹಾಗಿದ್ದರೆ ನಿಧಾನವಾಗಿ ಜಾರುವ 3 ಮಿಲಿವೋಲ್ಟನ್ನು ಈ ಅಳೆದು ತಿದ್ದುವ ಸುತ್ತು (ಲೂಪ್) ತಾನೇ ಸರಿಪಡಿಸಿಕೊಳ್ಳುತ್ತದೆ. ನಾನಾದರೆ ರೆಫರೆನ್ಸ್ ಬದಲಿಸಲು ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಬೇರೆ ಗುಣ: ಸಂಖ್ಯೆ ಏರಿದಾಗ ವೋಲ್ಟೇಜ್ ಎಂದೂ ಇಳಿಯಬಾರದು. ಡೇಟಾಶೀಟ್‌ನಲ್ಲಿ ಡಿಎನ್‌ಎಲ್ (ಒಂದೊಂದು ಮೆಟ್ಟಿಲಿನ ಎತ್ತರದಲ್ಲಿರುವ ದೋಷ) ±1 ಮೆಟ್ಟಿಲಿನೊಳಗೆ ಇದೆಯೇ ಎಂದು ನೋಡಿಕೊಳ್ಳಿ.