ನಾಮ್ ಇಲ್ ಬರಿಯ ಕೈಗೊಂಬೆಯೇ?

ಮಾನ್ಯರೇ,

ಜನರಲ್ ಕೆ.ಎಸ್. ತಿಮ್ಮಯ್ಯನವರ ಕೊರಿಯಾ ದಿನಗಳನ್ನು ಕುರಿತ ನಮ್ಮ ಲೇಖನದಲ್ಲಿ ಉತ್ತರ ಕೊರಿಯಾದ ಜನರಲ್ ನಾಮ್ ಇಲ್‌ಗೆ ಅಷ್ಟೊಂದು ಜಾಗ ಕೊಟ್ಟದ್ದನ್ನು ನೀವು ಆಕ್ಷೇಪಿಸಿದ್ದೀರಿ. ಆತ ಚೀನೀಯರು ಬರೆದುಕೊಟ್ಟದ್ದನ್ನು ಓದಿದ ಕೈಗೊಂಬೆ ಎಂಬುದು ನಿಮ್ಮ ವಾದ.

ಅರ್ಧ ಒಪ್ಪುತ್ತೇನೆ. 1951ರ ಜುಲೈ 10ರಂದು ಕೇಸಾಂಗ್‌ನಲ್ಲಿ ಕೊರಿಯಾ ಯುದ್ಧದ ಕದನವಿರಾಮ ಮಾತುಕತೆ ಆರಂಭವಾದಾಗ ಆತ ತನ್ನ ಪಕ್ಷದ ಮುಖ್ಯ ಪ್ರತಿನಿಧಿಯಾಗಿದ್ದರೂ, ತೆರೆಯ ಹಿಂದೆ ಕುಳಿತು ಸೂತ್ರ ಹಿಡಿದಿದ್ದವರು ಚೀನಾದ ಲೀ ಕೆನಾಂಗ್; ಅವರಿಗೂ ಮೇಲೆ ಮಾವೋ ಮತ್ತು ಸ್ಟಾಲಿನ್ ಇದ್ದರು. ಆದರೆ ಎದುರು ಪಕ್ಷದ ಅಮೆರಿಕದ ಅಡ್ಮಿರಲ್ ಟರ್ನರ್ ಜಾಯ್ ಕೂಡ ವಾಷಿಂಗ್ಟನ್ನಿನ ಅಪ್ಪಣೆಯಿಲ್ಲದೆ ಹೆಜ್ಜೆ ಇಡುವಂತಿರಲಿಲ್ಲ. ಅವರನ್ನು ಯಾರೂ ಕೈಗೊಂಬೆ ಎನ್ನುವುದಿಲ್ಲ.

ಸೋವಿಯತ್ ನೆಲದಲ್ಲಿ ಬೆಳೆದ ಕೊರಿಯನ್ನನಾದ ನಾಮ್ ಇಲ್ ಯುದ್ಧಕ್ಕೆ ಮುನ್ನ ಪ್ಯಾಂಗ್ಯಾಂಗ್‌ನಲ್ಲಿ ಶಿಕ್ಷಣ ಖಾತೆಯ ಉಪಸಚಿವನಾಗಿದ್ದ. ಸೇನಾ ಮುಖ್ಯಸ್ಥನ ಹುದ್ದೆ ಸಿಕ್ಕಿದ್ದು 1950ರಲ್ಲಿ ಕಾಂಗ್ ಕೋನ್ ಸತ್ತ ಮೇಲೆ. ರಣರಂಗದ ಹೆಸರಿಲ್ಲದ ಇಂಥವನ ನಿಜವಾದ ಬಲವೆಂದರೆ ಪಟ್ಟು ಬಿಡದೆ ಕೂರುವ ತಾಳ್ಮೆ. ಗಡಿರೇಖೆ ಯುದ್ಧಕ್ಕೆ ಮುನ್ನ ಇದ್ದ 38ನೆಯ ಅಕ್ಷಾಂಶವೇ ಆಗಬೇಕೆಂದು ಆತ ಹಟ ಹಿಡಿದಿದ್ದ ಕಾಲದಲ್ಲಿ, 1951ರ ಆಗಸ್ಟ್ 10ರಂದು, ಎರಡೂ ಕಡೆಯವರು 2 ಗಂಟೆ 11 ನಿಮಿಷ ಒಂದೇ ಒಂದು ಮಾತಾಡದೆ ಮುಖಾಮುಖಿ ಕುಳಿತಿದ್ದರು. ಕೊನೆಗೆ ಆ ಬೇಡಿಕೆಯನ್ನು ಬಿಟ್ಟು, ಸೇನೆಗಳು ನಿಂತಿದ್ದ ರೇಖೆಯನ್ನೇ ಒಪ್ಪಿಕೊಳ್ಳಬೇಕಾಯಿತು.

ಮಾತುಕತೆ ಎರಡು ವರ್ಷ ಎಳೆದದ್ದು ಮುಖ್ಯವಾಗಿ ಯುದ್ಧಕೈದಿಗಳ ಪ್ರಶ್ನೆಯಿಂದ. 1949ರ ಜಿನೀವಾ ಒಪ್ಪಂದದ 118ನೆಯ ವಿಧಿಯಂತೆ ಎಲ್ಲ ಕೈದಿಗಳನ್ನೂ ತಾಯ್ನಾಡಿಗೆ ಕಳಿಸಬೇಕೆಂಬುದು ನಾಮ್ ಇಲ್ ಪಕ್ಷದ ಪಟ್ಟು. ಹೋಗಲೊಲ್ಲದವರನ್ನು ಬಲವಂತದಿಂದ ಕಳಿಸುವುದಿಲ್ಲವೆಂಬುದು ಎದುರಿನವರ ಉತ್ತರ. ಕಾನೂನಿನ ಅಕ್ಷರ ನಾಮ್ ಇಲ್ ಕಡೆಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಸುಮಾರು 65,000 ಮಂದಿಯನ್ನು ಸೆರೆಹಿಡಿದೆವೆಂದು ರೇಡಿಯೊದಲ್ಲಿ ಕೊಚ್ಚಿಕೊಂಡವರು 1951ರ ಡಿಸೆಂಬರ್‌ನಲ್ಲಿ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು 11,559 ಹೆಸರು ಮಾತ್ರ. ಉಳಿದವರ ಲೆಕ್ಕ ಕೇಳಿದಾಗ ಬಂದ ಉತ್ತರಗಳು ಆ ಕಾನೂನು ನಿಷ್ಠೆಯನ್ನು ನಂಬುವಂತೆ ಮಾಡುವುದಿಲ್ಲ.

ಈ ಬಿಕ್ಕಟ್ಟಿನಿಂದಲೇ ಹುಟ್ಟಿದ್ದು ಕೊಡಗಿನ ತಿಮ್ಮಯ್ಯನವರು ಅಧ್ಯಕ್ಷರಾದ ತಟಸ್ಥ ರಾಷ್ಟ್ರಗಳ ಆಯೋಗ. ಮರಳಲೊಲ್ಲದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆ ಭಾರತದ ಹೆಗಲಿಗೆ ಬಿದ್ದದ್ದೇಕೆಂದು ಹೇಳಹೊರಟವರು ನಾಮ್ ಇಲ್‌ನನ್ನು ಒಂದು ಸಾಲಿನಲ್ಲಿ ದಾಟಿಹೋಗಲಾಗದು.

1953ರ ಜುಲೈ 27ರ ಬೆಳಿಗ್ಗೆ ಪಾನ್‌ಮುನ್‌ಜೋಮ್‌ನಲ್ಲಿ ಆತನೂ ಅಮೆರಿಕದ ವಿಲಿಯಂ ಹ್ಯಾರಿಸನ್ನರೂ ಮಾತಿಲ್ಲದೆ ಕದನವಿರಾಮ ಒಪ್ಪಂದಕ್ಕೆ ಸಹಿ ಹಾಕಿ ಎದ್ದುಹೋದರು. ನಂತರ ವಿದೇಶಾಂಗ ಸಚಿವನಾಗಿ 1954ರ ಜಿನೀವಾ ಸಮ್ಮೇಳನಕ್ಕೂ ಹೋದ ನಾಮ್ ಇಲ್, ಸೋವಿಯತ್ ಮೂಲದ ಕೊರಿಯನ್ನರನ್ನು ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ಒಬ್ಬೊಬ್ಬರಾಗಿ ಮೂಲೆಗುಂಪು ಮಾಡಿದಾಗಲೂ ಉಳಿದುಕೊಂಡ. 1976ರಲ್ಲಿ ಕಾರು ಅಪಘಾತದಲ್ಲಿ ಸತ್ತನೆಂದು ಪ್ಯಾಂಗ್ಯಾಂಗ್ ಪ್ರಕಟಿಸಿತು. ಆ ಸಾವಿನ ಸುತ್ತ ಹಬ್ಬಿದ ಅನುಮಾನಗಳನ್ನು, ಆಧಾರವಿಲ್ಲದ ಕಾರಣ, ನಾವು ಅಚ್ಚು ಮಾಡಲಿಲ್ಲ.

— ಸಂಪಾದಕ